ಕೆರೆಯ ಕಾಯಕ, ನೀರಿನ ದಾಸೋಹ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜಲಹೋರಾಟಗಳ ಅವಲೋಕನ

ಶಿವಯೋಗಿ ಸಿದ್ಧರಾಮೇಶ್ವರರ ಹೆಸರನ್ನು ಕೇಳಿದೊಡನೆ ಶರಣಭಕ್ತರ ಮನದಲ್ಲಿ ಮೂಡುವುದು ಸೊನ್ನಲಿಗೆಯ ಕೆರೆ. ಹನ್ನೆರಡನೆಯ ಶತಮಾನದಲ್ಲಿ ಅವರು ಸಾವಿರಾರು ಜನರನ್ನು ಕೂಡಿಸಿ ಕೆರೆ ತೋಡಿಸಿದರು, ದೇಗುಲ ಕಟ್ಟಿಸಿದರು, ಬರಡು ನೆಲಕ್ಕೆ ನೀರು ತಂದರು. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ವಚನಗಳನ್ನು ನುಡಿದ ಈ ಮಹಾನುಭಾವರು ಮೊದಲು ಲೋಕಕ್ಕೆ ಪರಿಚಿತರಾದುದು ಕರ್ಮಯೋಗಿಯಾಗಿ. ಶೂನ್ಯಸಂಪಾದನೆಯು ನಿರೂಪಿಸುವಂತೆ, ಕೆರೆಯ ಕೆಲಸ ನಡೆಯುತ್ತಿರುವಾಗಲೇ ಅಲ್ಲಮಪ್ರಭುಗಳು ಅಲ್ಲಿಗೆ ಆಗಮಿಸುತ್ತಾರೆ. ಸಿದ್ಧರಾಮರನ್ನು ಮಣ್ಣು ಹೊರುವ ಒಡ್ಡನೆಂದು ಕರೆದು ಕೆಣಕುತ್ತಾರೆ. ಕೆರಳಿದ ಕೆಲಸಗಾರರು ಕಲ್ಲೆಸೆಯುತ್ತಾರೆ. ಸಿದ್ಧರಾಮರು ಕ್ರುದ್ಧರಾಗಿ ಎದುರು ನಿಲ್ಲುತ್ತಾರೆ. ಕೊನೆಗೆ ಅಲ್ಲಮರು ತೋರಿದ ಅರಿವಿಗೆ ಶರಣಾಗಿ ಕಲ್ಯಾಣದ ದಾರಿ ಹಿಡಿಯುತ್ತಾರೆ.

ಈ ಪ್ರಸಂಗವನ್ನು ಕೆರೆ ಕಟ್ಟುವುದು ವ್ಯರ್ಥವೆಂಬ ಅರ್ಥದಲ್ಲಿ ಗ್ರಹಿಸುವವರುಂಟು. ಅದು ಸರಿಯಲ್ಲ. ಅಲ್ಲಮರು ಪ್ರಶ್ನಿಸಿದ್ದು ಕೆರೆಯನ್ನಲ್ಲ, ಕೆರೆ ಕಟ್ಟಿದವನು ನಾನೆಂಬ ಭಾವವನ್ನು. ಹೊರಗಿನ ಕೆರೆಯನ್ನು ತೋಡಿದವನು ಒಳಗಿನ ಹೂಳನ್ನು ತೆಗೆದಿದ್ದಾನೆಯೇ ಎಂಬುದು ಅವರ ಪ್ರಶ್ನೆಯ ತಿರುಳು. ನೀರಿಗಾಗಿ ದುಡಿಯುವ, ನೀರಿಗಾಗಿ ಹೋರಾಡುವ ಎಲ್ಲ ಕಾಲದ ಜನರಿಗೂ ಈ ಪ್ರಶ್ನೆ ಸಲ್ಲುತ್ತದೆ. ಕಾವೇರಿ ಮತ್ತು ಶಿಂಷಾ ನದಿಗಳ ನಡುವಣ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಉಚಿತ.

ಇಂದು ಮಂಡ್ಯವೆಂದರೆ ಭತ್ತ ಮತ್ತು ಕಬ್ಬಿನ ಹಸಿರು ನೆನಪಾಗುತ್ತದೆ. ಆದರೆ ಈ ಹಸಿರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅದಕ್ಕೂ ಮುನ್ನ ಇದು ಬಹುಪಾಲು ರಾಗಿ, ಜೋಳ, ಹುರುಳಿಯ ಬಯಲು. ಮಳೆಯನ್ನೂ ಕೆರೆಯನ್ನೂ ನಂಬಿದ ನಾಡು. ಹಳೆಯ ಮೈಸೂರು ಸೀಮೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ ಮುಂತಾದ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೆ, ಅದರ ಏರಿಯನ್ನು ರಕ್ಷಿಸಿದವರಿಗೆ, ಹೂಳೆತ್ತಿಸಿದವರಿಗೆ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಎಂಬುದೇ ಇವುಗಳ ಅರ್ಥ. ಪ್ರತಿ ಊರಿನಲ್ಲಿಯೂ ನೀರಗಂಟಿಯೊಬ್ಬನಿರುತ್ತಿದ್ದ. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವನು ನಿರ್ಣಯಿಸುತ್ತಿದ್ದ. ನೀರು ಕಡಿಮೆಯಾದ ವರ್ಷ ಎಲ್ಲರಿಗೂ ಕಡಿಮೆ. ಈ ವ್ಯವಸ್ಥೆಯಲ್ಲಿ ಜಾತಿಯ ತಾರತಮ್ಯವಿರಲಿಲ್ಲವೆಂದು ಹೇಳುವಂತಿಲ್ಲ. ಕೆರೆಗೆ ಮಣ್ಣು ಹೊತ್ತ ಕೈಗಳಿಗೇ ಆ ಕೆರೆಯ ಕೆಳಗೆ ಒಂದು ಅಂಗೈಯಗಲ ಗದ್ದೆಯಿರದ ಊರುಗಳು ಅನೇಕ. ಶರಣರ ಸಮತೆಯ ಮಾತು ಅಂದು ಕ್ರಾಂತಿಯಾದದ್ದು ಇಂತಹ ಸಮಾಜದಲ್ಲಿಯೇ.

ಕಲ್ಯಾಣದ ಆ ಮಾತು ಈ ಸೀಮೆಗೆ ಬಂದುದು ವಚನಗಳಿಂದ ಮಾತ್ರವಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಪ್ರಮುಖ ಕ್ಷೇತ್ರ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿಯು ಅಲ್ಲಮಪ್ರಭುವಿನ ರೂಪವೇ ಆಗಿ ಕಲ್ಯಾಣಕ್ಕೆ ಹೋಗಿ ಅಲ್ಲಿನ ಶರಣರನ್ನು ಪರೀಕ್ಷಿಸುತ್ತಾನೆ. ಆಡಂಬರದ ಭಕ್ತಿ ಯಾವುದು, ನಿಜಭಕ್ತಿ ಯಾವುದು ಎಂಬ ಪರೀಕ್ಷೆ ಅದು. ಹೀಗೆ ಸೊನ್ನಲಿಗೆಯಲ್ಲಿ ಕೇಳಿಬಂದ ಪ್ರಶ್ನೆ ಜನಪದರ ಕಂಠದಲ್ಲಿ ಈ ಮಣ್ಣಿಗೂ ಇಳಿದಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೀಮೆಯ ಚರಿತ್ರೆ ಹೊಸ ತಿರುವನ್ನು ಪಡೆಯಿತು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮ್ಮಿಕ್ಕುವಿಕೆಯಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಇದೇ ವಿದ್ಯುತ್ತಿನಿಂದ ಬೆಳಗಿದವು. 1911ರಲ್ಲಿ ಕನ್ನಂಬಾಡಿಯ ಬಳಿ ಅಣೆಕಟ್ಟೆಯ ಕಾರ್ಯವು ಆರಂಭವಾಗಿ ಮೂವತ್ತರ ದಶಕದ ಆದಿಯಲ್ಲಿ ಮುಗಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಂಕಲ್ಪ, ಹೆಸರಿಲ್ಲದ ಸಾವಿರಾರು ಕೂಲಿಕಾರರ ಬೆವರು ಸೇರಿ ಕೃಷ್ಣರಾಜಸಾಗರವಾಯಿತು. ಇರ್ವಿನ್ ನಾಲೆ ಎಂಬ ಹೆಸರಿನಿಂದ ಆರಂಭವಾಗಿ ಮುಂದೆ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆಯು ಮಂಡ್ಯದ ಬಯಲಿಗೆ ನೀರನ್ನು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಈ ಉಪಕಾರವನ್ನು ನೆನೆದು ಇಂದಿಗೂ ರೈತರು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂವೇರಿಸುತ್ತಾರೆ.

ಆದರೆ ನೀರಿನ ಒಡೆತನದಲ್ಲಿ ಸೂಕ್ಷ್ಮವಾದ ಬದಲಾವಣೆಯೊಂದು ಆಗಿಹೋಯಿತು. ಕೆರೆಯ ತೂಬು ಊರಿನ ಕೈಯಲ್ಲಿತ್ತು; ನಾಲೆಯ ತೂಬು ಇಲಾಖೆಯ ಕೈಗೆ ಹೋಯಿತು. ನೀರಗಂಟಿಯನ್ನು ಪ್ರಶ್ನಿಸುವುದು ಸುಲಭ, ದೂರದ ಸರ್ಕಾರವನ್ನು ಪ್ರಶ್ನಿಸಬೇಕಾದರೆ ಜನ ಸಂಘಟಿತರಾಗಬೇಕು. ಆ ಸಂಘಟನೆಯ ಪಾಠವನ್ನು ಈ ಸೀಮೆ ಕಲಿತದ್ದು ಶಿಂಷಾ ನದಿಯ ದಡದಲ್ಲಿ. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಪ್ರಥಮ ಅಧಿವೇಶನ ಸೇರಿತು. ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಲಾಯಿತು. ಎಚ್.ಕೆ. ವೀರಣ್ಣಗೌಡರಂತಹ ಸ್ಥಳೀಯ ನಾಯಕರ ಹಿಂದೆ ಸುತ್ತಲಿನ ಹಳ್ಳಿಗಳ ಸಾವಿರಾರು ರೈತರು ನಿಂತರು. ಧ್ವಜ ಸತ್ಯಾಗ್ರಹವೆಂದು ಪ್ರಸಿದ್ಧವಾದ ಈ ಘಟನೆಯ ಸ್ಮಾರಕವಾಗಿ ಸತ್ಯಾಗ್ರಹ ಸೌಧವು ಅಲ್ಲಿ ನಿಂತಿದೆ. ಅದು ನೀರಿನ ಹೋರಾಟವಾಗಿರಲಿಲ್ಲ. ಆದರೂ ಆಯುಧವಿಲ್ಲದೆ, ದ್ವೇಷವಿಲ್ಲದೆ, ಬಂಧನಕ್ಕೆ ಅಂಜದೆ ನ್ಯಾಯವನ್ನು ಕೇಳುವ ರೀತಿಯನ್ನು ಅದು ಈ ನೆಲಕ್ಕೆ ಕಲಿಸಿತು.

ಕಾವೇರಿ ನೀರಿನ ಹಂಚಿಕೆಯ ವಿವಾದಕ್ಕೆ 1892 ಮತ್ತು 1924ರ ಒಪ್ಪಂದಗಳು ಮೂಲ. 1990ರ ಜೂನ್ 2ರಂದು ಕಾವೇರಿ ನ್ಯಾಯಮಂಡಳಿ ರಚಿತವಾಯಿತು. 1991ರ ಜೂನ್ 25ರಂದು ಅದು 205 ಟಿಎಂಸಿ ಅಡಿ ನೀರನ್ನು ತಮಿಳುನಾಡಿಗೆ ಬಿಡುವಂತೆ ಮಧ್ಯಂತರ ಆದೇಶ ನೀಡಿದಾಗ ಮಂಡ್ಯವು ಹೋರಾಟದ ಕೇಂದ್ರವಾಯಿತು. ಸಂಸದರಾಗಿದ್ದ ಜಿ. ಮಾದೇಗೌಡರು ಕಾವೇರಿ ಹಿತರಕ್ಷಣಾ ಸಮಿತಿಯ ಮೂಲಕ ದಶಕಗಳ ಕಾಲ ಈ ಚಳವಳಿಯನ್ನು ಮುನ್ನಡೆಸಿದರು. 2021ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಹೆಸರು ಕಾವೇರಿಯ ಹೆಸರಿನೊಡನೆ ಬೆರೆತೇ ಇತ್ತು. ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು ನೀರಿನ ಪ್ರಶ್ನೆಯನ್ನು ಬೆಲೆಯ, ಸಾಲದ, ರೈತನ ಮಾನದ ಪ್ರಶ್ನೆಯೊಡನೆ ಜೋಡಿಸಿದರು. 2007ರ ಅಂತಿಮ ತೀರ್ಪು ಕರ್ನಾಟಕಕ್ಕೆ 270 ಟಿಎಂಸಿ ಅಡಿ ನೀರನ್ನು ನಿಗದಿಪಡಿಸಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು 284.75 ಟಿಎಂಸಿ ಅಡಿಗೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ನೀರನ್ನು 177.25 ಟಿಎಂಸಿ ಅಡಿಗೆ ಇಳಿಸಿತು.

ಈ ಹೋರಾಟದ ಬಹುಭಾಗ ಧರಣಿ, ಪಾದಯಾತ್ರೆ, ಉಪವಾಸಗಳದ್ದು. ಮಂಡ್ಯದ ಸರ್ ಎಂ.ವಿ. ಪ್ರತಿಮೆಯ ಮುಂದೆ ಕುಳಿತವರ ತಾಳ್ಮೆಗೆ ಲೆಕ್ಕವಿಲ್ಲ. ಆದರೆ 1991ರ ಡಿಸೆಂಬರ್‌ನಲ್ಲಿ ಬೆಂಗಳೂರು ಮುಂತಾದೆಡೆ ಅಮಾಯಕ ತಮಿಳು ಭಾಷಿಕರ ಮೇಲೆ ಹಲ್ಲೆಗಳಾದವು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ನೀರಿನ ಹೆಸರಿನಲ್ಲಿ ಬೆಂಕಿ ಹಚ್ಚುವುದನ್ನು ಯಾವ ಶರಣನೂ ಒಪ್ಪಲಾರ. ತಂಜಾವೂರಿನ ಗದ್ದೆಯಲ್ಲಿ ಬಾಗಿ ನಾಟಿ ಮಾಡುವವಳು ಮಂಡ್ಯದ ಗದ್ದೆಯಲ್ಲಿ ಬಾಗಿ ನಾಟಿ ಮಾಡುವವಳಿಗೆ ವೈರಿಯಲ್ಲ. ತನ್ನ ಪಾಲನ್ನು ಕೇಳುವುದು ನ್ಯಾಯ. ಮತ್ತೊಬ್ಬನ ಬದುಕನ್ನು ಹಗೆಯುವುದು ಅನ್ಯಾಯ. ಶಿವಪುರದ ಪಾಠವನ್ನು ಮರೆತಾಗಲೆಲ್ಲ ಹೋರಾಟಕ್ಕೆ ಕಳಂಕ ತಟ್ಟಿದೆ.

ಇತ್ತೀಚಿನ ವರ್ಷಗಳಲ್ಲಿ ವಿವಾದಕ್ಕೆ ಹವಾಮಾನದ ಏರುಪೇರು ಹೊಸ ಆಯಾಮವನ್ನು ನೀಡಿದೆ. 2023ರಲ್ಲಿ ಮುಂಗಾರು ಕೈಕೊಟ್ಟು 124.80 ಅಡಿಗಳ ಕೃಷ್ಣರಾಜಸಾಗರ ತುಂಬಲೇ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಯಿತು. 29ರಂದು ಇಡೀ ಕರ್ನಾಟಕವೇ ಬಂದ್ ಆಚರಿಸಿತು. ಮರುವರ್ಷ ಜುಲೈನಲ್ಲಿ ಜಲಾಶಯ ತುಂಬಿತು. 2025ರಲ್ಲಿ ಜೂನ್ ತಿಂಗಳ ಕೊನೆಗೇ ತುಂಬಿ ಚರಿತ್ರೆಯನ್ನು ನಿರ್ಮಿಸಿತು. ಒಂದು ವರ್ಷ ಬರಿದು, ಮತ್ತೊಂದು ವರ್ಷ ಅಕಾಲದ ಭರ್ತಿ. ನ್ಯಾಯಾಲಯದ ತೀರ್ಪು ನೀರನ್ನು ಹಂಚಬಲ್ಲುದೇ ಹೊರತು ಮಳೆಯನ್ನು ತರಿಸಲಾರದು.

ಇನ್ನೊಂದು ಹರಿವನ್ನೂ ಗಮನಿಸಬೇಕು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದ ಬೆಂಗಳೂರಿಗೆ ಕಾವೇರಿ ನೀರನ್ನು ಎತ್ತಿ ಸಾಗಿಸಲಾಗುತ್ತಿದೆ. 2024ರ ಅಕ್ಟೋಬರ್ 16ರಂದು ಅಲ್ಲಿಯೇ ಐದನೆಯ ಹಂತವು ಉದ್ಘಾಟನೆಗೊಂಡು, ನಗರದ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಹರಿಯುವ ವ್ಯವಸ್ಥೆಯಾಯಿತು. ಬಾಯಾರಿದವರಿಗೆ ನೀರುಣಿಸುವುದು ದಾಸೋಹ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾಸೋಹದ ಪ್ರಸಾದವನ್ನು ಚೆಲ್ಲುವುದು ಅಪರಾಧವೆಂದು ನಂಬಿದ ಸಮಾಜ ನಮ್ಮದು. ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ನೀರನ್ನು ಅಂಗಳಕ್ಕೆ ಸುರಿಯುವ ನಗರವಾಸಿ ಭಕ್ತರು ಈ ನಂಬಿಕೆಯನ್ನು ನಲ್ಲಿಯ ಬುಡದಲ್ಲಿಯೂ ಪಾಲಿಸಬೇಕಲ್ಲವೇ?

ಇಂತಹ ದೊಡ್ಡ ಲೆಕ್ಕಗಳ ನಡುವೆ ಅದೇ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಬದುಕು ಸಣ್ಣ ಹಣತೆಯಂತೆ ಕಾಣುತ್ತದೆ. ಕುರಿ ಕಾಯುವುದು ಅವರ ಕಾಯಕ. ಕುಂದೂರು ಬೆಟ್ಟದ ಮೇಲೆ ಕುರಿ ಮೇಯಿಸುವಾಗ ಪ್ರಾಣಿ ಪಕ್ಷಿಗಳಿಗೆ ಕುಡಿಯಲು ನೀರಿಲ್ಲದ್ದನ್ನು ಕಂಡರು. ಕೆಲವು ಕುರಿಗಳನ್ನು ಮಾರಿ ಹಾರೆ, ಗುದ್ದಲಿಗಳನ್ನು ಕೊಂಡು ಕಟ್ಟೆ ತೋಡಲು ಆರಂಭಿಸಿದರು. ನಾಲ್ಕು ದಶಕಗಳ ಆ ದುಡಿಮೆಯಲ್ಲಿ ಮೂಡಿದ ಕಟ್ಟೆಗಳನ್ನು ಕೆಲವರು 14 ಎಂದು, ಮತ್ತೆ ಕೆಲವರು 16 ಎಂದು ಎಣಿಸಿದರು. ಬೆಟ್ಟದ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟರು. ರಾಜ್ಯೋತ್ಸವ ಪ್ರಶಸ್ತಿ ಸಂದಿತು. 2020ರ ಜೂನ್ 28ರಂದು ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಅವರ ಹೆಸರನ್ನೆತ್ತಿದರು. 2022ರ ಅಕ್ಟೋಬರ್ 17ರಂದು ಅವರು ಇಹಲೋಕವನ್ನು ತ್ಯಜಿಸಿದರು.

ಕಾಮೇಗೌಡರ ಕಟ್ಟೆಗಳು ಎಷ್ಟು ಎಂಬ ಎಣಿಕೆಗಿಂತ ಅವು ಯಾರಿಗಾಗಿ ಎಂಬುದು ಮುಖ್ಯ. ನವಿಲು, ನರಿ, ಮೊಲ, ಕುರಿಗಳಿಗೆ ಮತದಾನದ ಹಕ್ಕಿಲ್ಲ, ಕೃತಜ್ಞತೆ ಹೇಳುವ ಭಾಷೆಯಿಲ್ಲ. ಪ್ರತಿಫಲದ ಆಸೆಯಿಲ್ಲದ ಇಂತಹ ದುಡಿಮೆಯನ್ನೇ ಶರಣರು ಕಾಯಕವೆಂದರು, ಅದರ ಫಲವನ್ನು ಸಕಲ ಜೀವರಿಗೆ ಅರ್ಪಿಸುವುದನ್ನೇ ದಾಸೋಹವೆಂದರು. ಅಲ್ಲಮರು ಕೇಳಿದ ಪ್ರಶ್ನೆಗೆ ಓದು ಬರಹವಿಲ್ಲದ ಕುರಿಗಾಹಿಯೊಬ್ಬರು ಕೆಲಸದಿಂದಲೇ ಉತ್ತರಿಸಿದಂತಿದೆ.

ಕಟ್ಟುವುದರಷ್ಟೇ ಕಟ್ಟಿದ್ದನ್ನು ಕಾಯುವುದೂ ಕಾಯಕವೇ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತಲಿನ ಕಲ್ಲು ಗಣಿಗಾರಿಕೆಯ ಸಿಡಿತದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಿದೆಯೆಂದು ರೈತರೂ ಪರಿಸರಪ್ರೇಮಿಗಳೂ ವರ್ಷಗಟ್ಟಲೆ ಎಚ್ಚರಿಸಿದರು. 2018ರಲ್ಲಿ ಆ ಭಾಗದಲ್ಲಿ ಕೇಳಿಬಂದ ಭಾರೀ ಶಬ್ದದ ನಂತರ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗಣಿಗಾರಿಕೆಯ ನಿಷೇಧಕ್ಕೆ ಶಿಫಾರಸು ಮಾಡಿತು. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಸಾಮಾನ್ಯ ಜನರ ಎಚ್ಚರದ ದನಿಗೆ ಸಂದ ಗೌರವವಿದು.

ಬಸವಾದಿ ಶರಣರು ಸ್ಥಾವರ ಮತ್ತು ಜಂಗಮಗಳ ವಿವೇಕವನ್ನು ನಮಗೆ ಕಲಿಸಿದರು. ಕೆರೆಯ ಏರಿ ಸ್ಥಾವರ. ಅದರೊಳಗಿನ ನೀರು ಜಂಗಮ. ವರ್ಷವರ್ಷವೂ ಹೂಳೆತ್ತುವ ಕೈಗಳಿಲ್ಲದಿದ್ದರೆ ಏರಿ ಉಳಿದರೂ ಕೆರೆ ಉಳಿಯದು. ನಾಲೆ ಬಂದ ಮೇಲೆ ನಮ್ಮ ಊರುಗಳು ಕೆರೆಗಳನ್ನು ಮರೆತವು. ರಾಜಕಾಲುವೆಗಳು ಒತ್ತುವರಿಯಾದವು. ನೀರಗಂಟಿಯ ಹೆಸರು ನಿಘಂಟಿನ ಪಾಲಾಯಿತು.

ಇಲ್ಲಿಯೇ ನಮ್ಮ ಆತ್ಮಪರೀಕ್ಷೆಯ ಸ್ಥಳವಿದೆ. ನೆರೆರಾಜ್ಯದಿಂದ ನ್ಯಾಯವನ್ನು ನಿರೀಕ್ಷಿಸುವ ಜಿಲ್ಲೆಯೊಳಗೇ ಮದ್ದೂರು, ಮಳವಳ್ಳಿಯ ಕೊನೆಯಂಚಿನ ರೈತರು ನಾಲೆಯ ನೀರು ತಮ್ಮ ಗದ್ದೆಗೆ ತಲುಪುವುದಿಲ್ಲವೆಂದು ಪ್ರತಿ ಬೇಸಿಗೆಯಲ್ಲಿಯೂ ಮೊರೆಯಿಡುತ್ತಾರೆ. ಮೇಲಿನವನು ಎರಡು ಬೆಳೆ ಕಬ್ಬು ಭತ್ತಗಳಿಗೆ ನೀರನ್ನು ನಿಲ್ಲಿಸಿಕೊಂಡರೆ ಕೆಳಗಿನವನ ರಾಗಿಯೂ ಒಣಗುತ್ತದೆ. ಕಾವೇರಿಯಲ್ಲಿ ನಾವು ಮೇಲಿನವರು, ಅವರು ಕೆಳಗಿನವರು. ನಾಲೆಯಲ್ಲಿ ನಮ್ಮವರೇ ಮೇಲೆ, ನಮ್ಮವರೇ ಕೆಳಗೆ. ಹೊರಗೆ ಕೇಳುವ ನ್ಯಾಯವನ್ನು ಒಳಗೆ ಕೊಡದಿದ್ದರೆ ಆ ಕೇಳಿಕೆಗೆ ಬಲವಿರದು.

ಶ್ರೀಮಠದ ಸದ್ಭಕ್ತರಲ್ಲಿ ಬಹುಪಾಲು ಮಂದಿ ನೇಗಿಲ ಕಾಯಕದವರು. ತಮ್ಮ ಊರಿನ ಕೆರೆಯ ಹೂಳು, ತಮ್ಮ ತೂಬಿನ ಕೆಳಗಿನ ನೆರೆಯವನ ಗದ್ದೆ, ತಮ್ಮ ಬದುವಿನ ಮೇಲಿನ ಒಂದು ಮರ, ಈ ಮೂರನ್ನು ಪ್ರತಿ ಕುಟುಂಬವೂ ತನ್ನ ಲಿಂಗಪೂಜೆಯ ಅಂಗವೆಂದು ಭಾವಿಸಿದರೆ ಅದೇ ಸಿದ್ಧರಾಮ ಶಿವಯೋಗಿಗಳಿಗೆ ಸಲ್ಲುವ ನಿಜವಾದ ಅರ್ಚನೆ. ಈ ಸಲ ತೂಬು ಎತ್ತುವ ದಿನ, ನೀರು ಮೊದಲು ಕೊನೆಯ ಗದ್ದೆಗೆ ಹೋಗಲಿ.