ಕೈ ತೊಳೆಯುವುದು

ಕೈ ತೊಳೆಯುವುದು: ಕೈಗೆ ಅಂಟಿದ ಕೊಳೆ, ಜಿಡ್ಡು, ರೋಗಾಣುಗಳನ್ನು ಸೋಪು ಮತ್ತು ನೀರಿನಿಂದ ತೆಗೆಯುವ ದಿನನಿತ್ಯದ ಅಭ್ಯಾಸ. ಭೇದಿ, ಟೈಫಾಯಿಡ್, ಕಾಲರಾ, ಹೆಪಟೈಟಿಸ್ ಎ ತರಹದ ಕಾಮಾಲೆ, ಜಂತುಹುಳು ಇವೆಲ್ಲ ಮಲದಿಂದ ಬಾಯಿಗೆ ದಾಟುವ ಕಾಯಿಲೆಗಳು. ದಾಟಲು ಅವುಗಳಿಗೆ ಸಿಗುವ ಹತ್ತಿರದ ದಾರಿಗಳಲ್ಲಿ ಕೈಯೂ ಒಂದು. ನೆಗಡಿ, ಫ್ಲೂ, ಕಣ್ಣುಬೇನೆಗಳೂ ಕೈಯ ಮೂಲಕ ಹರಡುತ್ತವೆ. ಮೂಗು ಒರೆಸಿದ ಕೈ ಬಾಗಿಲ ಹಿಡಿಕೆ ಮುಟ್ಟುತ್ತದೆ, ಹಿಡಿಕೆ ಮುಟ್ಟಿದ ಇನ್ನೊಬ್ಬರ ಕೈ ಕಣ್ಣು ಉಜ್ಜುತ್ತದೆ.

ಕೈ ತೊಳೆಯದ ಸಮಾಜ ನಮ್ಮದಲ್ಲ. ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಕಾಲಿಡಬೇಕೆಂಬ ರೂಢಿ ಹಳೆಯದು. ಆದರೆ ಮಡಿ-ಮೈಲಿಗೆಯ ಲೆಕ್ಕಕ್ಕೆ ಒಂದು ಚೊಂಬು ನೀರು ಸಾಕಾಗುತ್ತಿತ್ತು, ರೋಗಾಣುವಿನ ಲೆಕ್ಕಕ್ಕೆ ಸಾಲದು. 2018ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನ ಪ್ರಕಾರ, ಮಲವಿಸರ್ಜನೆಯ ನಂತರ ಸೋಪು ಅಥವಾ ಡಿಟರ್ಜೆಂಟ್ ಬಳಸುವ ಭಾರತೀಯ ಕುಟುಂಬಗಳು ಶೇ. 74ರಷ್ಟು, ಊಟಕ್ಕೆ ಮುಂಚೆ ಬಳಸುವವು ಶೇ. 36 ಮಾತ್ರ. ಹಳ್ಳಿಗಳಲ್ಲಿ ಈ ಎರಡನೆಯ ಸಂಖ್ಯೆ ಶೇ. 25ರ ಆಸುಪಾಸಿನಲ್ಲಿತ್ತು.

ಇದನ್ನು ಯಾವುದೇ ಮದುವೆ ಛತ್ರದಲ್ಲಿ ನೋಡಬಹುದು. ಊಟ ಮುಗಿದ ಮೇಲೆ ವಾಶ್ ಬೇಸಿನ್ ಮುಂದೆ ಸಾಲು. ಸಾರು, ತುಪ್ಪದ ಜಿಡ್ಡು ಹೋಗುವವರೆಗೆ ಎಲ್ಲರೂ ಸೋಪು ಹಾಕಿ ಉಜ್ಜುತ್ತಾರೆ. ಊಟಕ್ಕೆ ಮುಂಚೆ ಅದೇ ಬೇಸಿನ್ ಖಾಲಿ. ಪಂಕ್ತಿಯಲ್ಲಿ ಜಾಗ ಹಿಡಿಯುವ ಆತುರದಲ್ಲಿ ಬಂದವರು ಬಾಳೆಲೆಗೆ ನೀರು ಚಿಮುಕಿಸಿ, ಅಂಗೈಯಿಂದಲೇ ಸವರಿ, ಅದೇ ಕೈಯನ್ನು ಕೋಸಂಬರಿಗೆ ಹಾಕುತ್ತಾರೆ. ಕಣ್ಣಿಗೆ ಕಾಣುವ ಜಿಡ್ಡಿಗೆ ಸೋಪು, ಕಾಣದ ರೋಗಾಣುವಿಗೆ ಬರೀ ನೀರು. ಕಾಯಿಲೆ ತಡೆಯಬೇಕಾದರೆ ಈ ಕ್ರಮ ತಲೆಕೆಳಗಾಗಬೇಕು.

ಕಣ್ಣು, ಮೂಗುಗಳನ್ನು ನಂಬಿದ್ದು ವೈದ್ಯರೂ ಹೌದು. 1840ರ ದಶಕದ ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ಮೊದಲನೆಯದರಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚು, ಸೂಲಗಿತ್ತಿಯರು ಕಲಿಯುತ್ತಿದ್ದ ಎರಡನೆಯದರಲ್ಲಿ ಕಡಿಮೆ. ಅಲ್ಲಿನ ಸಹಾಯಕ ವೈದ್ಯ, ಹಂಗೆರಿಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಸುಳಿವು ಸಿಕ್ಕಿದ್ದು ಒಂದು ಸಾವಿನಿಂದ. 1847ರಲ್ಲಿ ಅವನ ಸ್ನೇಹಿತ ಯಾಕೋಬ್ ಕೊಲೆಚ್ಕಾ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ತೀರಿಕೊಂಡ; ಅವನ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರಲ್ಲಿ ಕಂಡವುಗಳಂತೆಯೇ ಇದ್ದವು. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. ಸೋಪಿನಲ್ಲಿ ತೊಳೆದರೂ ಶವದ ವಾಸನೆ ಕೈಯಲ್ಲಿ ಉಳಿಯುತ್ತಿದ್ದುದರಿಂದ, ಆ ವಾಸನೆಯನ್ನು ಕೊಲ್ಲುವ ಕ್ಲೋರಿನ್ ಸುಣ್ಣದ ದ್ರಾವಣವನ್ನು ಅವನು ಆರಿಸಿಕೊಂಡ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಹತ್ತಿರಕ್ಕೆ ಇಳಿಯಿತು. ರೋಗಾಣು ಸಿದ್ಧಾಂತ ಇನ್ನೂ ನೆಲೆಗೊಳ್ಳದ ಕಾಲ ಅದು. ತಮ್ಮ ಕೈಯೇ ಕೊಲ್ಲುತ್ತಿದೆ ಎಂಬ ಮಾತು ಹಿರಿಯ ವೈದ್ಯರಲ್ಲಿ ಹಲವರಿಗೆ ರುಚಿಸಲಿಲ್ಲ. ಸೆಮ್ಮೆಲ್‌ವೈಸ್‌ನಿಗೂ ನಯವಾಗಿ ಹೇಳುವ ಗುಣವಿರಲಿಲ್ಲ. 1865ರಲ್ಲಿ, 47ನೇ ವಯಸ್ಸಿನಲ್ಲಿ, ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ಅವನು ಸತ್ತ.

ಸೋಪು ಕೆಲಸ ಮಾಡುವ ಬಗೆ ಸರಳ. ಅದರ ಅಣುವಿನ ಒಂದು ತುದಿಗೆ ನೀರಿನ ಒಲವು, ಇನ್ನೊಂದಕ್ಕೆ ಎಣ್ಣೆಯ ಒಲವು. ಎಣ್ಣೆ ಬಯಸುವ ತುದಿ ಚರ್ಮದ ಜಿಡ್ಡಿಗೆ ಅಂಟಿ, ಜಿಡ್ಡಿನ ಜೊತೆ ರೋಗಾಣುವನ್ನೂ ಎಬ್ಬಿಸುತ್ತದೆ. ಆಮೇಲೆ ನೀರು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕೊರೊನಾ, ಫ್ಲೂ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆಯಿರುವುದರಿಂದ ಸೋಪು ಅವನ್ನು ಒಡೆದೇ ಹಾಕುತ್ತದೆ. ಆ ಹೊದಿಕೆಯಿಲ್ಲದ ರೋಟಾವೈರಸ್, ನೊರೊವೈರಸ್‌ಗಳು ಸಾಯದಿದ್ದರೂ ಕೈ ಬಿಟ್ಟು ಹೋಗುತ್ತವೆ. ಬಿಸಿನೀರೇ ಬೇಕೆಂದಿಲ್ಲ, ತಣ್ಣೀರು ಸಾಕು.

ದುಬಾರಿ ಸೋಪೂ ಬೇಡ. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಪು ಕೊಟ್ಟು ಕೈ ತೊಳೆಯಲು ಕಲಿಸಿದ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧದಷ್ಟು ಇಳಿಯಿತು. ಭೇದಿಯೂ ಸುಮಾರು ಅಷ್ಟೇ ಕಡಿಮೆಯಾಯಿತು. ಸಾದಾ ಸೋಪು ಬಳಸಿದ ಮನೆಗಳಿಗೂ ‘ಆಂಟಿಬ್ಯಾಕ್ಟೀರಿಯಲ್’ ಸೋಪು ಬಳಸಿದ ಮನೆಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಾದಾ ಸೋಪಿಗಿಂತ ಮೇಲೆಂದು ಕಂಪನಿಗಳು ತೋರಿಸಲಾಗದ ಕಾರಣ ಅಮೆರಿಕ 2016ರಲ್ಲಿ ಟ್ರೈಕ್ಲೊಸಾನ್ ಸೇರಿದಂತೆ 19 ರಾಸಾಯನಿಕಗಳನ್ನು ಇಂಥ ಸೋಪುಗಳಲ್ಲಿ ನಿಷೇಧಿಸಿತು. ಟಿವಿ ಜಾಹೀರಾತುಗಳು ಈ ಸುದ್ದಿಯನ್ನು ಕೇಳಿಸಿಕೊಂಡಂತಿಲ್ಲ.

ತೊಳೆಯುವುದರಲ್ಲಿ ಮುಖ್ಯವಾದದ್ದು ಉಜ್ಜುವುದು. ಕೈ ಒದ್ದೆ ಮಾಡಿ, ಸೋಪು ಹಚ್ಚಿ, ಕನಿಷ್ಠ 20 ಸೆಕೆಂಡು ಉಜ್ಜಬೇಕು. ಎರಡು ಅಂಗೈಗಳನ್ನು ಒಂದಕ್ಕೊಂದು ತಿಕ್ಕಿ ಮುಗಿಸುವವರೇ ಹೆಚ್ಚು. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು ತಪ್ಪಿಹೋಗುತ್ತವೆ. ಮುದ್ದೆ ಮುರಿಯುವುದು, ಅನ್ನ ಕಲಸುವುದು, ಮಗುವಿಗೆ ತುತ್ತಿಡುವುದು ಆ ಬೆರಳ ತುದಿಗಳಿಂದಲೇ. ಉಗುರಿನ ಅಡಿಯಲ್ಲಿ ರೋಗಾಣುಗಳೂ ಜಂತುಹುಳುವಿನ ಮೊಟ್ಟೆಗಳೂ ಉಳಿಯುವುದರಿಂದ, ಐದೂ ಉಗುರುಗಳನ್ನು ಇನ್ನೊಂದು ಕೈಯ ನೊರೆ ತುಂಬಿದ ಅಂಗೈಯಲ್ಲಿ ಗೀರಿದಂತೆ ತಿರುಗಿಸಬೇಕು. ತೊಳೆದ ಮೇಲೆ ಒಣಗಿಸುವುದೂ ಅಷ್ಟೇ ಮುಖ್ಯ, ಏಕೆಂದರೆ ಒದ್ದೆ ಕೈ ರೋಗಾಣುಗಳನ್ನು ಬೇಗ ಅಂಟಿಸಿಕೊಳ್ಳುತ್ತದೆ. ಇಡೀ ಮನೆ ಒರೆಸುವ ಒಂದೇ ಟವೆಲ್ಲಿಗಿಂತ ಗಾಳಿಗೆ ಒಣಗಿಸಿದ ಕೈ ಮೇಲು.

ಯಾವಾಗ ತೊಳೆಯಬೇಕೆಂಬುದರಲ್ಲಿ ಒಂದು ಸಂದರ್ಭ ಸುಲಭವಾಗಿ ಮರೆತುಹೋಗುತ್ತದೆ. ಎಳೆ ಮಗುವಿನ ಕಕ್ಕ ಹೇಸಿಗೆಯಲ್ಲ ಎಂಬ ಭಾವನೆಯಿಂದ, ಮಗುವನ್ನು ತೊಳೆಸಿದ ಕೈಯನ್ನು ನೀರಿಗೆ ಹಿಡಿದು ಅಡುಗೆಗೆ ನಿಲ್ಲುವುದುಂಟು. ರೋಟಾವೈರಸ್ ಭೇದಿಯಾದ ಮಗುವಿನ ಮಲದಲ್ಲಿ ವೈರಸ್ ವಿಪರೀತ ಪ್ರಮಾಣದಲ್ಲಿರುತ್ತದೆ, ಸೋಂಕು ಹರಡಲು ಅದರಲ್ಲಿ ತೀರಾ ಸ್ವಲ್ಪವೇ ಸಾಕು. ಹೊಲದಲ್ಲಿ ಔಷಧಿ ಹೊಡೆದು ಬಂದವರು ಬೀಡಿ ಹಚ್ಚುವ, ಎಲೆಅಡಿಕೆ ಹಾಕುವ ಮೊದಲು ಸೋಪಿನಲ್ಲಿ ಕೈ ತೊಳೆಯಬೇಕಾದದ್ದು ರೋಗಾಣುವಿಗಾಗಿ ಅಲ್ಲ, ವಿಷಕ್ಕಾಗಿ.

ಸ್ಯಾನಿಟೈಸರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಬಸ್ಸು, ಆಸ್ಪತ್ರೆಗಳಲ್ಲಿ ಅನುಕೂಲವೇನೋ ಸರಿ, ಆದರೆ ಮಣ್ಣು, ಜಿಡ್ಡು ಮೆತ್ತಿದ ಕೈಯಲ್ಲಿ ಅದು ಸೋಲುತ್ತದೆ, ಕೀಟನಾಶಕವನ್ನು ತೆಗೆಯುವುದಿಲ್ಲ, ನೊರೊವೈರಸ್ ಮೇಲೂ ಅದರ ಪರಿಣಾಮ ಕಡಿಮೆ. ಸೋಪಿಲ್ಲದ ಕಡೆ ಒಲೆಯ ಬೂದಿ ಬರೀ ನೀರಿಗಿಂತ ವಾಸಿ. ಮಣ್ಣಿನ ಬಗ್ಗೆ ಆ ಮಾತು ಹೇಳುವುದು ಕಷ್ಟ, ಮಣ್ಣಿನಲ್ಲೇ ಮಲ ಸೇರಿರಬಹುದು. ನೀರಿನ ಅಭಾವವಿರುವ ಕಡೆ ದಾರದಿಂದ ತೂಗುಹಾಕಿದ ಕ್ಯಾನಿಗೆ ತೂತು ಕೊರೆದು, ಕಾಲಿನಿಂದ ಕಡ್ಡಿ ತುಳಿದರೆ ಸಣ್ಣಗೆ ಸುರಿಯುವ ‘ಟಿಪ್ಪಿ ಟ್ಯಾಪ್’ ಮಾಡಿಕೊಳ್ಳಬಹುದು. ಕೈಯಿಂದ ನಲ್ಲಿ ಮುಟ್ಟುವ ಪ್ರಮೇಯವೇ ಅಲ್ಲಿಲ್ಲ. ಶಾಲೆಯ ಬಿಸಿಯೂಟಕ್ಕೆ ಮುಂಚೆ ನೂರಾರು ಮಕ್ಕಳು ಕೆಲವೇ ನಿಮಿಷಗಳಲ್ಲಿ ಕೈ ತೊಳೆಯಬೇಕಾದಲ್ಲಿ ಉಪದೇಶಕ್ಕಿಂತ ಬೇಕಾದದ್ದು ಸಾಲು ನಲ್ಲಿಗಳು ಮತ್ತು ದಾರಕ್ಕೆ ಕಟ್ಟಿದ ಸೋಪಿನ ತುಂಡು.

ಕೈ ತೊಳೆದ ಮಾತ್ರಕ್ಕೆ ಎಲ್ಲ ಕಾಯಿಲೆಯೂ ತಡೆಯುವುದಿಲ್ಲ. ಡೆಂಗಿ, ಮಲೇರಿಯಾಗಳಿಗೂ ಕೈಗೂ ಸಂಬಂಧವಿಲ್ಲ. ಕ್ಷಯ, ದಡಾರಗಳು ಗಾಳಿಯಲ್ಲಿ ಹರಡುತ್ತವೆ. ಕೋವಿಡ್ ಕೂಡ ಹೆಚ್ಚಾಗಿ ಹರಡಿದ್ದು ಉಸಿರಿನಿಂದ. ಕೊಳವೆಯ ನೀರಿಗೇ ಚರಂಡಿ ಸೇರಿದ್ದರೆ ಎಷ್ಟು ಉಜ್ಜಿ ತೊಳೆದರೂ ಅದನ್ನು ಕುಡಿದವರಿಗೆ ಭೇದಿ ತಪ್ಪುವುದಿಲ್ಲ.