ಕೀಲೆಣ್ಣೆಯಿಂದ ಕೆಂಪೆಣ್ಣೆಗೆ

ಹುಣಸೂರು ಎಂದೊಡನೆ ಇಂದಿನವರಿಗೆ ಹೊಗೆಸೊಪ್ಪು ನೆನಪಾಗುತ್ತದೆ. ಆದರೆ ಲಕ್ಷ್ಮಣತೀರ್ಥದ ದಡದ ಈ ಊರಿಗೆ ಗಾಡಿಯ ಊರೆಂಬ ಹೆಸರೂ ಸಲ್ಲತಕ್ಕದ್ದೇ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎನಿಸಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕಾಲಕ್ರಮದಲ್ಲಿ ಇಂಗ್ಲಿಷ್ ಸೈನ್ಯದ ಕೈಸೇರಿ, ಹುಣಸೂರು ಅದರ ಮುಖ್ಯ ಠಾಣೆಯಾಯಿತು. ದನಗಳ ಬೆನ್ನಿಗೇ ಚರ್ಮ ಹದಮಾಡುವ ಕೆಲಸವೂ ಗಾಡಿ ಕಟ್ಟುವ ಕೆಲಸವೂ ಬಂದವು. ಚಿದಂಬರದ ನೆರವಿಗೆ ಹೈದರಾಲಿಯು ಎರಡೂವರೆ ದಿನದಲ್ಲಿ ೧೦೦ ಮೈಲಿ ನಡೆದದ್ದು ಈ ತಳಿಯ ಎತ್ತುಗಳ ಬಲದಿಂದ ಎಂದು ಹಳೆಯ ಬರಹಗಳು ಹೇಳುತ್ತವೆ. ಅಂಥ ಓಟದಲ್ಲಿ ಎತ್ತು ಗೆದ್ದರೂ ಅಚ್ಚು ಸೋಲಬಹುದು.

ಅಚ್ಚನ್ನು ಕಾಯುತ್ತಿದ್ದುದು ಕೀಲೆಣ್ಣೆ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಮಂದ ದ್ರವ್ಯ. ಪಿರಿಯಾಪಟ್ಟಣದ ದಾರಿಯಲ್ಲಾಗಲಿ, ಹೆಗ್ಗಡದೇವನಕೋಟೆಯ ಕಾಡುದಾರಿಯಲ್ಲಾಗಲಿ, ಇಂದು ಕೃಷ್ಣರಾಜನಗರವೆನಿಸಿರುವ ಎಡತೊರೆಯ ಸೀಮೆಯಲ್ಲಾಗಲಿ, ಗಾಡಿಯವನು ಅದನ್ನು ಮರೆತರೆ ಗಾಲಿಯೇ ಕಿರುಗುಟ್ಟಿ ನೆನಪಿಸುತ್ತಿತ್ತು. ರೋಗವೂ ಅದರ ಕೂಗೂ ಒಟ್ಟಿಗೇ ಇದ್ದವು.

ಮೋಟಾರು ಬಂದಾಗ ಎಣ್ಣೆ ಪೆಟ್ಟಿಗೆಯೊಳಗೆ ಅಡಗಿತು. ೧೯೦೫ರಲ್ಲಿ ಜರ್ಮನಿಯ ಹರ್ಮನ್ ಫಟಿಂಗರ್ ಹಡಗುಗಳಿಗಾಗಿ ದ್ರವದ ಮೂಲಕ ಬಲ ಸಾಗಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ೧೯೩೯ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಆ ತತ್ತ್ವವನ್ನು ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್ ಪೆಟ್ಟಿಗೆಯಾಗಿ ಕಾರಿಗೆ ತಂದಿತು. ಇಲ್ಲಿ ಎಣ್ಣೆ ಬರಿಯ ಜಾರುದ್ರವ್ಯವಲ್ಲ. ಬಲ ಸಾಗಿಸುವುದೂ, ಗೇರ್ ಬದಲಿಸುವುದೂ, ಬಿಸಿ ಹೊರುವುದೂ ಅದೇ. ೧೯೪೯ರಲ್ಲಿ ಈ ಎಣ್ಣೆಗೊಂದು ಗುಣಮಟ್ಟ ಗೊತ್ತಾಯಿತು. ಎಂಜಿನ್ ಎಣ್ಣೆಯಿಂದ ಬೇರೆಯಾಗಿ ಕಾಣಲೆಂದು ಇದಕ್ಕೆ ಕೆಂಪು ಬಣ್ಣ ಹಾಕುವ ರೂಢಿ ಬೆಳೆಯಿತು. ಕಿರುಗುಟ್ಟದ ಯಂತ್ರಕ್ಕೆ ಮನುಷ್ಯ ಕೊಟ್ಟ ನಾಲಿಗೆ ಆ ಬಣ್ಣ.

ಆ ಮಾತನ್ನು ತಿಳಿಯಬೇಕಾದದ್ದು ಓಟದ ಪಥದಲ್ಲಿ. ಮದರಾಸಿನ ಬಳಿಯ ಇರುಂಗಾಟ್ಟುಕೋಟ್ಟೆಯಂಥ ಪಥದಲ್ಲಿ ಸ್ವಯಂಚಾಲಿತ ಕಾರನ್ನು ದೌಡಾಯಿಸಿದರೆ ದ್ರವ ಅತಿಯಾಗಿ ಕಾದು ಹಿಗ್ಗುತ್ತದೆ. ದೀರ್ಘ ತಿರುವಿನಲ್ಲಿ ಒಂದು ಮಗ್ಗುಲಿಗೆ ಏರಿ ನೊರೆಯಾಗುತ್ತದೆ. ಆಗ ಪೆಟ್ಟಿಗೆಯ ಉಸಿರುಗೊಳವೆಯಿಂದ ಹೊರಬೀಳುವುದುಂಟು. ಮರುದಿನ ಊರಿನ ಬೀದಿಯಲ್ಲಿ ಅದೇ ಕಾರು ಒಂದು ಹನಿಯನ್ನೂ ಬಿಡುವುದಿಲ್ಲ! ಮಾಲೀಕನು ತಳದ ತಟ್ಟೆಯ ಗ್ಯಾಸ್ಕೆಟ್ ಬದಲಿಸಿ ಸಮಾಧಾನಪಡುತ್ತಾನೆ. ಮುಂದಿನ ಓಟದಲ್ಲಿ ಮತ್ತೆ ಅದೇ ಕಥೆ.

ಆದ್ದರಿಂದ ಬಲ್ಲ ಮೆಕಾನಿಕ್ ಮೊದಲು ತಳವನ್ನೆಲ್ಲ ತೊಳೆದು ಒರೆಸುತ್ತಾನೆ; ಕಾರನ್ನು ಓಡಿಸಿ, ಕೆಳಗೆ ರಟ್ಟು ಹಾಸುತ್ತಾನೆ. ಹನಿ ಬಿದ್ದ ಜಾಗ ಸೋರಿದ ಜಾಗವಲ್ಲ, ಏಕೆಂದರೆ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಒದ್ದೆಯ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ತುದಿಯನ್ನು ಹುಡುಕಬೇಕು. ರೇಡಿಯೇಟರ್ ಬಳಿ ಕೆಂಪಾದರೆ ಎಣ್ಣೆ ತಣಿಸುವ ಕೊಳವೆಯ ಮೇಲೆ ಅನುಮಾನ. ಎಂಜಿನ್ನೂ ಗೇರ್ ಪೆಟ್ಟಿಗೆಯೂ ಕೂಡುವಲ್ಲಿ ಕೆಂಪಾದರೆ ಪಂಪಿನ ಸೀಲು, ಕಂದಾದರೆ ಎಂಜಿನ್ನಿನ ಹಿಂದಿನ ಸೀಲು. ಚಕ್ರದ ಒಳಮಗ್ಗುಲಲ್ಲಿ ತಿಳಿಹಳದಿ ಕಂಡರೆ ಅದು ಬ್ರೇಕಿನ ದ್ರವ; ಕಾರನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಬಣ್ಣವಿಲ್ಲದ ಬರಿನೀರು ಹವಾನಿಯಂತ್ರಣದ್ದು, ನಿರಪಾಯ. ಹನಿಯೇ ಇಲ್ಲದೆ ರೇಡಿಯೇಟರ್ ನೀರು ಗುಲಾಬಿ ಹಾಲಿನಂತಾದರೆ ಸೋರಿಕೆ ಒಳಗೇ ಇದೆ. ಆದರೂ ಬಣ್ಣವನ್ನೇ ಪೂರ್ತಿ ನಂಬಲಾಗದು: ಕಾದು ಸವೆದ ಕೆಂಪೆಣ್ಣೆ ಕಂದಾಗುತ್ತದೆ, ಇಂದಿನ ಎಲ್ಲ ಎಣ್ಣೆಗಳೂ ಕೆಂಪಲ್ಲ. ಸುಟ್ಟ ವಾಸನೆಯನ್ನೂ ಮೂಗು ಓದಬೇಕು.

ಇದು ಬರಿಯ ಖರ್ಚಿನ ಮಾತಲ್ಲ. ಕಾದ ಹೊಗೆಕೊಳವೆಯ ಮೇಲೆ ಬಿದ್ದ ಎಣ್ಣೆ ಬೆಂಕಿಯಾಗಬಲ್ಲದು. ಪಥದ ಮೇಲೆ ಬಿದ್ದದ್ದು ಹಿಂದೆ ಬರುವವನ ಪ್ರಾಣಕ್ಕೆ ಎರವಾಗಬಲ್ಲದು.

ಈ ಎಣ್ಣೆಗೆ ಇನ್ನೊಂದು ಋಣವೂ ಇದೆ. ಮೊದಲ ದಶಕಗಳಲ್ಲಿ ಅದರಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಯುತ್ತಿತ್ತು. ೧೯೭೦ರ ದಶಕದಲ್ಲಿ ಅಮೆರಿಕದ ಕಾನೂನು ಆ ಪ್ರಾಣಿಯ ರಕ್ಷಣೆಗೆ ನಿಂತ ಮೇಲೆ ರಸಾಯನಶಾಸ್ತ್ರಜ್ಞರು ಬೇರೆ ದಾರಿ ಹುಡುಕಬೇಕಾಯಿತು. ಹರಳುಗಿಡವನ್ನು ನಂಬಿದ್ದ ಹುಣಸೂರಿನ ಗಾಡಿ ಆ ಪಾಪಕ್ಕೆ ಹೊರಗು.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಕಾರುಗಳು ಇಂದು ಆ ಹಳೆಯ ಗಾಡಿದಾರಿಯಲ್ಲೇ ಸದ್ದಿಲ್ಲದೆ ಹುಣಸೂರನ್ನು ದಾಟುತ್ತವೆ. ಕೂಗುವ ಗಾಲಿಗೆ ಕಿವಿ ಸಾಕಾಗಿತ್ತು. ಕೂಗದ ಯಂತ್ರಕ್ಕೆ ಬಗ್ಗಿ ನೋಡುವ ಕಣ್ಣು ಬೇಕು.