ಖಾಲಿ ಸೈಟುಗಳ ಕಾಲದ ಕಾಂಗ್ರೆಸ್ ಗಿಡ

ಬಡಾವಣೆಯ ಚರಿತ್ರೆ ಬರೆಯುವಾಗ ದೇವಸ್ಥಾನ, ಶಾಲೆ, ಗ್ರಂಥಾಲಯ, ಗಣೇಶೋತ್ಸವ, ಕಾವೇರಿ ನೀರು ನಲ್ಲಿಗೆ ಬಂದ ವರ್ಷ ಎಲ್ಲಕ್ಕೂ ಒಂದೊಂದು ಪುಟ ಸಿಗುತ್ತದೆ. ಕಳೆಗೆ ಯಾರೂ ಪುಟ ಕೊಡುವುದಿಲ್ಲ. ಆದರೆ ಎಪ್ಪತ್ತು ಎಂಬತ್ತರ ದಶಕದಲ್ಲಿ ವಿಜಯನಗರ, ಬಸವೇಶ್ವರನಗರ, ನಾಗರಬಾವಿ, ಕೆಂಗೇರಿ ಉಪನಗರದ ಕಡೆ ಮನೆ ಕಟ್ಟಿಕೊಂಡು ಬಂದ ಹಿರಿಯರನ್ನು ಕೇಳಿ ನೋಡಿ. ಅವರಿಗೆ ಸಿಕ್ಕ ಮೊದಲ ನೆರೆಹೊರೆ ಮನುಷ್ಯರದಲ್ಲ, ಕಾಂಗ್ರೆಸ್ ಗಿಡದ್ದು, ಅಂದರೆ ಪಾರ್ಥೇನಿಯಂ ಕಳೆಯದ್ದು.

ಅದಕ್ಕೆ ಕಾರಣವೂ ಇತ್ತು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳನ್ನು ಮೊದಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1976ರಿಂದ ಈಚೆಗೆ ಬಿ.ಡಿ.ಎ. ವಶಪಡಿಸಿಕೊಂಡು ಸೈಟು ಮಾಡಿದವು. ನೇಗಿಲು ನಿಂತಿತು. ಅಲಾಟ್‌ಮೆಂಟ್ ಪತ್ರ ಸಿಕ್ಕವರು ನಾಲ್ಕು ಮೂಲೆಗೆ ಕಲ್ಲು ನೆಡಿಸಿ, ದುಡ್ಡು ಹೊಂದಿಸುವುದಕ್ಕೆ ಹತ್ತು ವರ್ಷ ತೆಗೆದುಕೊಂಡರು. ಚರಂಡಿಗೆಂದು, ಪಾಯಕ್ಕೆಂದು ಅಗೆದು ಬಿಟ್ಟ ಮಣ್ಣು ಪಾರ್ಥೇನಿಯಂಗೆ ಹೇಳಿ ಮಾಡಿಸಿದ ಜಾಗ. ಒಂದು ಗಿಡ 15ರಿಂದ 25 ಸಾವಿರ ಬೀಜ ಉದುರಿಸುತ್ತದೆ. ಮೊಳಕೆಯೊಡೆದು ತಿಂಗಳು, ಒಂದೂವರೆ ತಿಂಗಳಿಗೆ ಹೂ ಬರುತ್ತದೆ. ಬೀಜ ಮರಳಿನ ಲಾರಿಯಲ್ಲಿ, ಟೈರಿನ ಕೆಸರಿನಲ್ಲಿ, ಮಳೆನೀರಿನಲ್ಲಿ ಸಾಗುತ್ತದೆ. ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ತುಂಬೆ, ಉತ್ತರಾಣಿ, ಗರಿಕೆ ಇದ್ದ ಕಡೆ ಎದೆಮಟ್ಟದ ಬಿಳಿ ಹೂವಿನ ಪೊದೆ ನಿಂತಿತು.

ಗಿಡ ಮೂಲತಃ ಅಮೆರಿಕ ಖಂಡದ್ದು. ನಮ್ಮ ದೇಶದಲ್ಲಿ ಸಸ್ಯವಿಜ್ಞಾನಿಗಳ ಗಮನಕ್ಕೆ ಬಂದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಅಮೆರಿಕದ ಗೋಧಿಯ ಜೊತೆ ಬಂತೆಂಬ ಮಾತು ಎಲ್ಲರಿಗೂ ಗೊತ್ತು. ಹೇಗೇ ಬಂದಿರಲಿ, ಇಪ್ಪತ್ತು ವರ್ಷದಲ್ಲಿ ಬೆಂಗಳೂರನ್ನು ಮುತ್ತಿತ್ತು. 1975ರಲ್ಲಿ ರಾಜ್ಯ ಸರ್ಕಾರ, 1968ರ ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. ಜಾಗ ಯಾರದೋ ಅವರೇ ಕಿತ್ತು ಹಾಕಬೇಕು ಎನ್ನುವುದು ಇದರ ತಾತ್ಪರ್ಯ. ಸೈಟಿನ ಯಜಮಾನರು ಭದ್ರಾವತಿಯಲ್ಲೋ ಬೊಂಬಾಯಿಯಲ್ಲೋ ಕೆಲಸದಲ್ಲಿದ್ದರು. ಕಾಯ್ದೆ ಗೆಜೆಟ್ಟಿನಲ್ಲಿ ಉಳಿಯಿತು, ಗಿಡ ಸೈಟಿನಲ್ಲಿ ಉಳಿಯಿತು.

ಆ ಹೊತ್ತಿಗೆ ಗಿಡ ಬೇರೆ ಬೇರೆ ಕಸುಬಿನವರ ಬಾಗಿಲು ತಟ್ಟಿತ್ತು. ಚರ್ಮರೋಗದ ವೈದ್ಯರ ಬಳಿ ಬರುತ್ತಿದ್ದವರಿಗೆ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗಿ, ಕಡಿತ ತಡೆಯಲಾಗದೆ, ಕೊನೆಗೆ ಚರ್ಮ ದಪ್ಪಗಟ್ಟಿ ಕಪ್ಪಾಗುತ್ತಿತ್ತು. ಗಿಡ ಮುಟ್ಟಿಯೇ ಇಲ್ಲ ಎಂದು ಹಲವರು ವಾದಿಸುತ್ತಿದ್ದರು. ಮುಟ್ಟಬೇಕಾಗಿಯೂ ಇರಲಿಲ್ಲ. ಪಾರ್ಥೆನಿನ್ ಎಂಬ ವಸ್ತು ಎಲೆಯ ಸಣ್ಣ ರೋಮಗಳಲ್ಲಿದೆ, ಒಣಗಿದ ಗಿಡದ ಧೂಳಿನೊಂದಿಗೆ ಹಾರಿ ಬಂದು ಮೈಮೇಲೆ ಕೂರುತ್ತದೆ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನಿ ಪಿ.ವಿ. ಸುಬ್ಬರಾವ್ ಮತ್ತು ಜೊತೆಗಾರರು, ಗಿಡದ ಒಡನಾಟಕ್ಕೆ ಬಂದವರನ್ನು ಪರೀಕ್ಷಿಸಿ 1977ರಲ್ಲೇ ವರದಿ ಪ್ರಕಟಿಸಿದರು. ಅದೇ ವರ್ಷ ದನ, ಎಮ್ಮೆಗಳಿಗೆ ಮೇವಿನಲ್ಲಿ ಈ ಗಿಡ ಬೆರೆಸಿ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶವೂ ಹೊರಬಂತು. ಮೇವಿನಲ್ಲಿ ಹತ್ತರಲ್ಲೊಂದು ಪಾಲಿನಿಂದ ಅರ್ಧದವರೆಗೆ ಇದೇ ಇದ್ದರೆ ಜಾನುವಾರು ತಿಂಗಳೊಳಗೆ ಸಾಯಬಹುದು. ಬೇರೆ ಮೇವಿಲ್ಲದೆ ಹಸು ಸ್ವಲ್ಪ ತಿಂದರೂ ಹಾಲು ಕಹಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಸಾಯಶಾಸ್ತ್ರಜ್ಞ ಕೆ. ಕೃಷ್ಣಮೂರ್ತಿ ಮತ್ತು ಸಂಗಡಿಗರ ತಾಂತ್ರಿಕ ಪುಸ್ತಿಕೆಯೂ ಆ ವರ್ಷದ್ದೇ. ರಸ್ತೆ ಬದಿಗೆ, ಖಾಲಿ ಜಾಗಕ್ಕೆ ಅಗ್ಗದ ಮದ್ದೆಂದರೆ ಲೀಟರು ನೀರಿಗೆ 150–200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸುವುದು. ಗಿಡವೇನೋ ಸುಟ್ಟುಹೋಗುತ್ತಿತ್ತು. ಮಣ್ಣಿನಲ್ಲಿದ್ದ ಬೀಜಕ್ಕೆ ಉಪ್ಪಿನ ಲೆಕ್ಕವಿರಲಿಲ್ಲ.

ಕೀಟ ಬಿಟ್ಟು ಕಳೆಯನ್ನು ಹದ್ದುಬಸ್ತಿಗೆ ತರುವ ವಿದ್ಯೆ ಈ ನಾಡಿಗೆ ಹೊಸದೇನಲ್ಲ. ಹಳೆಯ ಮೈಸೂರಿನ ಊರೂರಿನ ಬೇಲಿಯಲ್ಲಿ ಹಬ್ಬಿದ್ದ ಪಾಪಾಸುಕಳ್ಳಿಯನ್ನು ಅಡಗಿಸಿದ್ದು 1926ರಲ್ಲಿ ಸಿಲೋನಿನಿಂದ ಬಂದ ಒಂದು ಬಿಳಿ ಹಿಟ್ಟುತಿಗಣೆ. ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞ ಕುಞಿಕಣ್ಣನ್ ಅದರ ಕಥೆಯನ್ನು 1930ರಲ್ಲಿ ಬರೆದಿಟ್ಟಿದ್ದಾರೆ. ಪಾಪಾಸುಕಳ್ಳಿಯ ಬೇಲಿ ಇಂದಿನವರು ಕಂಡಿಲ್ಲವಾದರೆ ಆ ತಿಗಣೆಗೂ ಒಂದು ಪಾಲು ಸಲ್ಲಬೇಕು.

ಕಾಂಗ್ರೆಸ್ ಗಿಡಕ್ಕೂ ಇದೇ ದಾರಿ ಹಿಡಿದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮ ಬೈಕಲರೇಟ ಎಂಬ ದುಂಬಿ ತರಿಸಿದರು. ಆಸ್ಟ್ರೇಲಿಯಾದವರು ಅದನ್ನು 1980ರಲ್ಲೇ ಬಿಟ್ಟಿದ್ದರು. ಆದರೂ ಇಲ್ಲಿ ನೇರ ಬಿಡಲಿಲ್ಲ. ಕೀಟಶಾಸ್ತ್ರಜ್ಞರಾದ ಕೆ.ಪಿ. ಜಯಂತ್ ಮತ್ತು ಸುಧಾ ನಾಗರಕಟ್ಟಿ ಅದರ ಮುಂದೆ 27 ಕುಟುಂಬಗಳಿಗೆ ಸೇರಿದ 40 ಜಾತಿಯ ಗಿಡ ಇಟ್ಟು, ಯಾವುದನ್ನು ತಿನ್ನುತ್ತದೆ, ಯಾವುದರ ಮೇಲೆ ಮೊಟ್ಟೆ ಇಡುತ್ತದೆ ಎಂದು ನೋಡಿದರು. 1984ರಲ್ಲಿ ಬೆಂಗಳೂರಿನ ಬಯಲಿಗೆ ಬಿಟ್ಟರು. ಮೊದಲ ಎರಡು ಮೂರು ವರ್ಷ ದುಂಬಿ ಇದೆಯೋ ಇಲ್ಲವೋ ಎನ್ನುವಂತಿತ್ತು. 1988ರ ಹೊತ್ತಿಗೆ ಮಳೆಗಾಲದಲ್ಲಿ ಗಿಡಗಳ ಎಲೆ ಜರಡಿಯಾಗುತ್ತಿರುವುದು ಎದ್ದು ಕಾಣತೊಡಗಿತು.

ದುಂಬಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ, ಕೆನೆಬಣ್ಣದ ಬೆನ್ನು, ಉದ್ದುದ್ದ ಕಂದು ಪಟ್ಟೆ. ಮುಂಗಾರಿನ ಮೊದಲ ಮಳೆಗೆ ನೆಲದೊಳಗಿಂದ ಎದ್ದು ಬರುತ್ತದೆ. ಎಲೆಯಡಿ ಹಳದಿ ಮೊಟ್ಟೆ. ಮರಿಹುಳು ಎಲೆಗಿಂತ ಮೊದಲು ತುದಿಯ ಚಿಗುರು, ಕಂಕುಳದ ಮೊಗ್ಗು ಹುಡುಕಿ ತಿನ್ನುತ್ತದೆ. ಹೂ ನಿಲ್ಲುವುದು ಹಾಗೆ. ಗಿಡಕ್ಕೊಂದು ದುಂಬಿ ಕೂತರೂ 4ರಿಂದ 8 ವಾರದಲ್ಲಿ ಎಲೆಯ ನರಗಳಷ್ಟೇ ಉಳಿಯುತ್ತವೆ. ಮಳೆ ಮುಗಿದು ಮಣ್ಣು ಒಣಗಿದರೆ ಮತ್ತೆ ನೆಲ ಸೇರಿ ಮಲಗುತ್ತದೆ. ಚರಂಡಿಯ ತೇವದಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಗಿಡದ ಗೊಡವೆಗೆ ಅದು ಹೋಗುವುದಿಲ್ಲ. ಅದರ ಮಿತಿ ಅದು.

ಜಗಳ ಹುಟ್ಟಿದ್ದು ಸೂರ್ಯಕಾಂತಿ ಹೊಲದಲ್ಲಿ. ಎಂಬತ್ತರ ದಶಕದಲ್ಲಿ ಎಣ್ಣೆಕಾಳಿನ ಬೆಲೆ ನೋಡಿ ಕರ್ನಾಟಕದ ರೈತರು ಸೂರ್ಯಕಾಂತಿಗೆ ಇಳಿದಿದ್ದರು. ಆ ಬೆಳೆಯ ಮೇಲೆ ಪಟ್ಟೆದುಂಬಿ ಎಲೆ ಕೊರೆಯುತ್ತಾ ಸಿಕ್ಕಿತು. ಪಾರ್ಥೇನಿಯಂ, ಸೂರ್ಯಕಾಂತಿ ಎರಡೂ ಒಂದೇ ಸಸ್ಯಕುಟುಂಬದವು, ಆದ್ದರಿಂದ ಭಯಕ್ಕೆ ಆಧಾರವಿತ್ತು. ಹೊರದೇಶದ ಹುಳುವನ್ನು ತಂದು ಬಿಟ್ಟವರು ಉತ್ತರ ಹೇಳಬೇಕೆಂದು ಕೂಗೆದ್ದಿತು. 1991ರಲ್ಲಿ ಕೇಂದ್ರ ಸರ್ಕಾರ ಸತ್ಯಶೋಧನಾ ಸಮಿತಿ ನೇಮಿಸಿತು. ಅಲ್ಲಿಯವರೆಗೆ ತಂತಮ್ಮ ವಿಭಾಗದ ಪತ್ರಿಕೆಗಳಲ್ಲಿ ಬರೆದುಕೊಂಡಿದ್ದ ಕಳೆಶಾಸ್ತ್ರದವರು, ಕೀಟಶಾಸ್ತ್ರದವರು, ಬೆಳೆ ತಜ್ಞರು ಒಂದೇ ಹುಳುವಿನ ಬಗ್ಗೆ ಒಬ್ಬರಿಗೊಬ್ಬರು ಮಾತಾಡಬೇಕಾಗಿ ಬಂದದ್ದು ಈ ಗಲಾಟೆಯಿಂದ. ನನ್ನ ಮಟ್ಟಿಗೆ ಇಡೀ ಪ್ರಕರಣದ ಒಳ್ಳೆಯ ಭಾಗ ಇದು. ಯಾವ ಸಮನ್ವಯ ಸಭೆಗೂ ಆಗದ ಕೆಲಸವನ್ನು ಒಂದು ಆರೋಪ ಮಾಡಿಸಿತು.

ದುಂಬಿ ಸೂರ್ಯಕಾಂತಿಗೆ ದೊಡ್ಡ ಪೀಡೆಯಾಗದೆಂದು ಸಮಿತಿ ಹೇಳಿತು. ಹಾಗಾದರೆ ಎಲೆ ಕೊರೆದದ್ದೇಕೆ? ಜಯಂತ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಕಾರಣ ಪ್ರಕಟಿಸಿದರು. ಹೊಲದ ಬದುವಿನಲ್ಲಿ ಪಾರ್ಥೇನಿಯಂ ಇದ್ದರೆ ಅದರ ಪರಾಗ ಗಾಳಿಯಲ್ಲಿ ಬಂದು ಸೂರ್ಯಕಾಂತಿ ಎಲೆಯ ಮೇಲೆ ಕೂರುತ್ತದೆ, ಆ ಪರಾಗವೇ ದುಂಬಿಯನ್ನು ತಿನ್ನಲು ಪ್ರೇರೇಪಿಸುತ್ತದೆ. ಅಂದರೆ ಬದು ಸ್ವಚ್ಛವಾಗಿದ್ದರೆ ಬೆಳೆಗೆ ಭಯ ಕಡಿಮೆ. ಇದೇ ಪರಾಗ ಪೇಟೆಯಲ್ಲಿ ಮೂಗು ಸೋರಿಸುತ್ತದೆಂದು ವಿಜ್ಞಾನ ಸಂಸ್ಥೆಯ ಅಲರ್ಜಿ ಅಧ್ಯಯನಗಳು ಹೇಳುತ್ತಿದ್ದವು. ವೈದ್ಯರ ಪರಾಗ, ಕೀಟಶಾಸ್ತ್ರಜ್ಞರ ಪರಾಗ ಎರಡೂ ಒಂದೇ.

ಇನ್ನೊಂದು ದಾರಿ ಹಿಡಿದವರು ಎಂ. ಮಹದೇವಪ್ಪ. ಭತ್ತದ ತಳಿಗಳಿಂದ ಹೆಸರಾದ ಅವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, 2014ರಲ್ಲಿ ಪದ್ಮಭೂಷಣ ಪಡೆದವರು. ತಗಚೆಯ ಬಳಗದ ಕ್ಯಾಸಿಯಾ ಸೆರಿಸಿಯಾ ಎಂಬ ಪುಟ್ಟ ಗಿಡ ಒತ್ತಾಗಿ ಬೆಳೆದ ಕಡೆ ಪಾರ್ಥೇನಿಯಂ ತಲೆ ಎತ್ತುವುದಿಲ್ಲ. ಅದರ ಬೀಜವನ್ನು ರಸ್ತೆ ಬದಿ ಎರಚಿ ಎಂದು ಊರೂರಿಗೆ ಹೇಳಿದರು. ಈ ಗಿಡದ ಮೇಲೆ ಬೆಂಗಳೂರಿನಲ್ಲೇ ನಡೆದ ಅಧ್ಯಯನವೊಂದು 1991ರಲ್ಲಿ ಅಚ್ಚಾಯಿತು. 1997ರ ಅಕ್ಟೋಬರಿನಲ್ಲಿ ಧಾರವಾಡದಲ್ಲಿ ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಒಂದು ಹೊರಗಿನ ಕಳೆಗೆ ಇನ್ನೊಂದು ಹೊರಗಿನ ಗಿಡವನ್ನು ಮದ್ದಾಗಿ ಎರಚುವುದು ನನಗಷ್ಟು ಒಪ್ಪಿಗೆಯಿಲ್ಲ, ಹೇಳಿಬಿಡುತ್ತೇನೆ.

ಇಷ್ಟೆಲ್ಲ ಆದಮೇಲೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಗಿಡ ಕಡಿಮೆಯಾದದ್ದು ಯಾರಿಂದ? ಮುಕ್ಕಾಲು ಪಾಲು ಸಿಮೆಂಟಿನಿಂದ. ವಿಜಯನಗರದಲ್ಲಿ ಖಾಲಿ ಸೈಟೇ ಇಲ್ಲದ ಮೇಲೆ ಅದು ನಿಲ್ಲುವುದೆಲ್ಲಿ? ಈಗ ಅದಿರುವುದು ಕೆಂಗೇರಿಯಾಚೆ ಹೊಸ ಬಡಾವಣೆಗಳಲ್ಲಿ, ರೈಲು ಹಳಿಯ ಪಕ್ಕ, ಕಟ್ಟಡದ ಅವಶೇಷ ಸುರಿದ ಕೆರೆಯಂಗಳದಲ್ಲಿ. ನಮ್ಮ ಎಪ್ಪತ್ತರ ದಶಕ ಅಲ್ಲಿ ಈಗ ನಡೆಯುತ್ತಿದೆ.

ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ, ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಕರೆಯಂತೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಶ್ರಮದಾನಕ್ಕೆ ಹೊರಡುವ ನಮ್ಮ ಹುಡುಗರು ಕೈಗವಸು ಹಾಕಿಕೊಳ್ಳಲಿ, ತುಂಬುತೋಳಿನ ಅಂಗಿ ತೊಡಲಿ, ಹೂ ಬಿಡುವ ಮುಂಚೆ, ಮಣ್ಣು ಹಸಿಯಿರುವಾಗ ಬೇರುಸಹಿತ ಕೀಳಲಿ. ಆದರೆ ಎಲೆ ತೂತು ತೂತಾದ ಗಿಡ ಕಂಡರೆ ಕೀಳಬೇಡಿ. ಆಗಸ್ಟ್ ದುಂಬಿಯ ಸುಗ್ಗಿ. ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿ ಒಂದಷ್ಟು ಕಾಂಗ್ರೆಸ್ ಎಲೆ ಹಾಕಿ ದುಂಬಿಗಳನ್ನು ಹಿಡಿಯಿರಿ. 500ರಿಂದ 1000 ಆದರೆ, ದುಂಬಿ ಇನ್ನೂ ಮುಟ್ಟದ ಒಂದು ಜಾಗಕ್ಕೆ ಒಯ್ದು ಬಿಡಬಹುದು.